ಹಳೆಯ ಜಾವಾಕ್ಕೆ ಹೊಸ ಸೈಲೆನ್ಸರು

ಹಿರಿಯರ ಕಾಲದ ವಸ್ತುವನ್ನು ಕಾಪಾಡಬೇಕೆಂಬ ಶ್ರದ್ಧೆಯೂ, ಅದನ್ನು ತನ್ನ ಮನಸ್ಸಿಗೊಪ್ಪುವಂತೆ ತಿದ್ದಬೇಕೆಂಬ ಚಪಲವೂ ಒಂದೇ ಮನೆಯಲ್ಲಿ ಒಟ್ಟಿಗೆ ವಾಸಮಾಡುವುದುಂಟು. ಮೈಸೂರು ಸೀಮೆಯಲ್ಲಿ ಇವೆರಡರ ನಡುವೆ ಸಿಕ್ಕಿಕೊಂಡಿರುವ ವಸ್ತುವೆಂದರೆ ಹಳೆಯ ಜಾವಾ ಮೋಟಾರು ಸೈಕಲ್ಲು. ತುಕ್ಕು ತಿಂದ ಸೈಲೆನ್ಸರನ್ನು ತೆಗೆದು ಹೊಸದನ್ನು ಹಾಕಿಸುವುದು ನೋಟಕ್ಕೆ ಸುಲಭವಾದ ಕೆಲಸ. ಆದರೆ ತಿಳಿಯದೆ ಮಾಡಿದಲ್ಲಿ ಯಂತ್ರದ ಆಯುಸ್ಸಿಗೇ ಕೊರತೆ. ಆದಕಾರಣ ಆ ವಿಷಯವನ್ನು ಮನೆಮಂದಿಗೆಲ್ಲ ಅರ್ಥವಾಗುವಂತೆ ಇಲ್ಲಿ ವಿವರಿಸಲಾಗಿದೆ.

ಜಾವಾ ಎಂಬುದು ಚೆಕ್ ದೇಶದಿಂದ ಬಂದ ಹೆಸರು. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಪಡೆದು, ಎರಡು ಹೆಸರುಗಳ ಮೊದಲಕ್ಷರಗಳನ್ನೂ ಕೂಡಿಸಿ ಇದನ್ನು ಕಟ್ಟಿದನು. ಅವರಲ್ಲಿ ಉಚ್ಚಾರವು ‘ಯಾವಾ’. ಯಾತ್ರೆಯು ಜಾತ್ರೆಯಾದಂತೆ ನಮ್ಮಲ್ಲಿ ಅದು ಜಾವಾ ಆಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಈ ವಾಹನಗಳನ್ನು ತಯಾರಿಸಿತು. ಮುಂದೆ 1970ರ ದಶಕದಲ್ಲಿ ಅವಕ್ಕೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿಹೋಯಿತು. ಅಲ್ಲಿಂದೀಚೆಗೆ ಹಳೆಯ ವಾಹನವುಳ್ಳವರಿಗೆ ಕಾರ್ಖಾನೆಯ ಬಿಡಿಭಾಗಗಳು ದುರ್ಲಭವಾಗಿ, ಅನ್ಯರು ಮಾಡಿದ ಭಾಗಗಳನ್ನೇ ಆಶ್ರಯಿಸಬೇಕಾಗಿದೆ.

ಜಾವಾದ ಎಂಜಿನ್ನು 250 ಸಿ.ಸಿ. ಪ್ರಮಾಣದ್ದು, ಟೂ ಸ್ಟ್ರೋಕ್ ಜಾತಿಯದು. ಸಿಲಿಂಡರು ಒಂದೇ ಆದರೂ ಹೊಗೆಯ ದ್ವಾರಗಳು ಎರಡು. ಆದ್ದರಿಂದ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರು. ಇಲ್ಲಿ ದ್ವಾರವನ್ನು ತೆರೆದು ಮುಚ್ಚಲು ವಾಲ್ವುಗಳಿಲ್ಲ. ಪಿಸ್ಟನ್ನೇ ಮೇಲಕ್ಕೂ ಕೆಳಕ್ಕೂ ಸರಿಯುತ್ತ ಬಾಗಿಲಿನ ಕೆಲಸವನ್ನೂ ಮಾಡುತ್ತದೆ. ಸುಟ್ಟ ಹೊಗೆಯು ಹೊರಡುತ್ತಿರುವಾಗಲೇ ಪೆಟ್ರೋಲು ಬೆರೆತ ಹೊಸ ಗಾಳಿಯು ಒಳಬರುತ್ತದೆ. ಎರಡು ಬಾಗಿಲೂ ತೆರೆದಿರುವ ಆ ಕ್ಷಣದಲ್ಲಿ, ಬಂದ ಅತಿಥಿಯು ಉಣ್ಣದೆ ಹಿಂಬಾಗಿಲಿನಿಂದ ಹೊರಟುಹೋಗದಂತೆ ತಡೆಯುವುದರಲ್ಲಿ ಸೈಲೆನ್ಸರಿಗೂ ಪಾಲುಂಟು.

ಅದು ಹೇಗೆಂದರೆ: ಹೊಗೆಯೊಡನೆ ಹೊರಟ ಒತ್ತಡದ ಅಲೆಯು ನಳಿಗೆಯು ಕಿರಿದಾಗುವೆಡೆಯಲ್ಲಿ ತಾಗಿ, ಪ್ರತಿಧ್ವನಿಯಂತೆ ಹಿಂದಿರುಗಿ, ಹೊರಬಿದ್ದ ಹೊಸ ಗಾಳಿಯನ್ನು ಒಳಕ್ಕೆ ನೂಕುತ್ತದೆ. ಸ್ವಲ್ಪ ಲೆಕ್ಕಮಾಡಿ ನೋಡೋಣ. ನಿಮಿಷಕ್ಕೆ 4500 ಸುತ್ತು ತಿರುಗುವ ಎಂಜಿನ್ನು ಸೆಕೆಂಡಿಗೆ 75 ಸುತ್ತು ತಿರುಗುವುದು. ಹೊಗೆಯ ದ್ವಾರವು ಪ್ರತಿ ಸುತ್ತಿನಲ್ಲಿ ಸುಮಾರು ಐದರಲ್ಲಿ ಎರಡು ಪಾಲು ತೆರೆದಿದ್ದರೆ, ಆ ಅವಧಿಯು ಸೆಕೆಂಡಿನ ಇನ್ನೂರರಲ್ಲೊಂದು ಭಾಗಕ್ಕೆ ಸಮೀಪ. ಕಾದ ಹೊಗೆಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 500 ಮೀಟರು. ಅಷ್ಟರಲ್ಲಿ ಅಲೆಯು ಹೋಗಿಬರಬಹುದಾದ ದಾರಿಯು ಎರಡೂವರೆ ಮೀಟರಿನಷ್ಟು. ಆದ್ದರಿಂದ ನಳಿಗೆಯ ಉದ್ದವೂ ಒಳಗಿನ ಆಕಾರವೂ ಅಲಂಕಾರದ ವಿಷಯವಲ್ಲ. ಅವು ಗಣಿತದ ವಿಷಯ.

ಈ ಗಣಿತವನ್ನು ಪರಾಕಾಷ್ಠೆಗೆ ಒಯ್ದವನು ಪೂರ್ವ ಜರ್ಮನಿಯ ಎಂ.ಜ಼ಡ್. ಕಾರ್ಖಾನೆಯ ವಾಲ್ಟರ್ ಕಾಡನ್. 1961ರ ವೇಳೆಗೆ ಅವನು ಪಂದ್ಯದ 125 ಸಿ.ಸಿ. ಎಂಜಿನ್ನಿನಿಂದ 25 ಅಶ್ವಶಕ್ತಿಯನ್ನು ಹೊರಡಿಸಿದನು. ಅದರ ಇಮ್ಮಡಿ ಪ್ರಮಾಣದ ಜಾವಾದ ಶಕ್ತಿಯು ಸುಮಾರು 12. ಹಾಗಾದರೆ ಪಂದ್ಯದ ನಳಿಗೆಯನ್ನೇ ಏಕೆ ಹಾಕಬಾರದೆಂದು ತರುಣರು ಕೇಳಬಹುದು. ಅಂಥ ನಳಿಗೆಯು ಅತಿವೇಗದ ಕಿರಿದಾದ ಮೇರೆಯೊಳಗೆ ಮಾತ್ರ ಫಲಕೊಡುವುದು. ಸಂತೆಯ ಬೀದಿಯಲ್ಲಿ ಮೆಲ್ಲನೆ ಹೋಗುವವನಿಗೆ ಅದರಿಂದ ಲಾಭವಿಲ್ಲ, ನಷ್ಟವೇ ಹೆಚ್ಚು.

ಹೊಸ ಸೈಲೆನ್ಸರನ್ನು ಕೊಳ್ಳುವಾಗ ಹೊರಗಿನ ಹೊಳಪಿಗೆ ಮರುಳಾಗದೆ, ಹಳೆಯದನ್ನು ಪಕ್ಕದಲ್ಲಿಟ್ಟು ಉದ್ದ, ಸುತ್ತಳತೆ, ಬ್ಯಾಫಲ್ ಎಂಬ ಒಳನಳಿಗೆಯ ರಂಧ್ರಗಳು, ಇವನ್ನು ಹೋಲಿಸಿ ನೋಡಬೇಕು. ಎಡಬಲಗಳೆರಡೂ ಸಮವಾಗಿರಬೇಕು. ಸಿಲಿಂಡರಿಗೆ ಕೂಡುವೆಡೆಯಲ್ಲಿ ಹೊಗೆ ಸೋರಕೂಡದು. ಇಬ್ಬರು ಕುಳಿತು ವಾಹನವು ತಗ್ಗಿದಾಗಲೂ ಸೈಲೆನ್ಸರು ನೆಲಕ್ಕಾಗಲಿ ಸ್ಟ್ಯಾಂಡಿಗಾಗಲಿ ತಾಗಕೂಡದು. ಹಿಂದೆ ಕೂಡುವ ಹೆಂಗಸರ ಸೀರೆಯ ಸೆರಗೂ ಮಕ್ಕಳ ಕಾಲೂ ಕಾದ ಲೋಹಕ್ಕೆ ಸೋಕದಂತೆ ಅಂತರವಿರಬೇಕು. ಅನಂತರ ಕೆಲವು ಮೈಲಿ ಓಡಿಸಿ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಅದರ ತುದಿಯು ಕಾಫಿಪುಡಿಯ ಬಣ್ಣವಿದ್ದರೆ ಕ್ಷೇಮ. ಕಪ್ಪಾಗಿ ಮಸಿಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದೆ ಪಿಸ್ಟನ್ನು ಕಾದು ಸಿಲಿಂಡರಿನಲ್ಲಿ ಹಿಡಿದುಕೊಳ್ಳುವ ಭಯವುಂಟು. ಆಗ ಕಾರ್ಬುರೇಟರಿನ ಜೆಟ್ಟನ್ನು ಬಲ್ಲವರಿಂದ ಸರಿಪಡಿಸಿಕೊಳ್ಳಬೇಕು.

ಕೆಲವರು ಗರ್ಜನೆಯ ಆಸೆಯಿಂದ ಬ್ಯಾಫಲನ್ನೇ ಕಿತ್ತೆಸೆಯುವರು. ಪೆಟ್ರೋಲಿನೊಡನೆ ಬೆರೆಸುವ ಎಣ್ಣೆಯು ಉರಿದು ಅದರಲ್ಲಿ ಮಸಿ ಕಟ್ಟುವುದು ಸಹಜ. ಅದಕ್ಕೆ ಕಾಲಕಾಲಕ್ಕೆ ತೊಳೆಯುವುದೇ ಮದ್ದು, ಕೀಳುವುದಲ್ಲ. ಶಬ್ದವನ್ನು ತಗ್ಗಿಸುವ ಸೈಲೆನ್ಸರಿರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನಗಳ ನಿಯಮವು ವಿಧಿಸುತ್ತದೆ. ಶಬ್ದದ ಮಿತಿಯನ್ನು ಮೀರಿದವನಿಗೆ 2019ರ ತಿದ್ದುಪಡಿಯ ಮೇರೆಗೆ ಹತ್ತು ಸಾವಿರ ರೂಪಾಯಿಗಳವರೆಗೆ ದಂಡವಾಗಬಹುದು, ಸೆರೆವಾಸವೂ ಆಗಬಹುದು. ದಂಡದ ಮಾತು ಹಾಗಿರಲಿ. ನೆರೆಮನೆಯಲ್ಲಿ ಈಗತಾನೇ ನಿದ್ದೆಹೋದ ಕೂಸಿಗೂ, ರೋಗದಿಂದ ಮಲಗಿರುವ ವೃದ್ಧರಿಗೂ ನಮ್ಮ ಗರ್ಜನೆಯಿಂದ ಆಗುವ ಸುಖವೇನು?

ಬಿಚ್ಚಿದ ಹಳೆಯ ಸೈಲೆನ್ಸರನ್ನು ಗುಜರಿಗೆ ಕೊಡದೆ, ಒಳಕ್ಕೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡುವುದು ವಿವೇಕ. ಮುಂದೆ ಅದೇ ಅಳತೆಯ ಹೊಸದನ್ನು ಮಾಡಿಸಬೇಕಾದಾಗ ಕುಶಲಿಯಾದ ಕಮ್ಮಾರನಿಗೆ ಅದಕ್ಕಿಂತ ಉತ್ತಮವಾದ ಮಾದರಿಯು ಬೇರೊಂದು ದೊರೆಯಲಾರದು.