ಮಗುವಿನ ದವಡೆ ರೂಪಿಸುವ ರಾಸಾಯನಿಕ ಸಂದೇಶಗಳು

ಗ್ರಹಣದ ದಿನ ಗರ್ಭಿಣಿ ಈಳಿಗೆಮಣೆ ಮುಟ್ಟಿದರೆ ಹುಟ್ಟುವ ಮಗುವಿನ ತುಟಿ ಸೀಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇಂದಿಗೂ ಅಳಿದಿಲ್ಲ. ಸೀಳುತುಟಿ ಅಥವಾ ಕಿರಿದಾದ ದವಡೆಯೊಂದಿಗೆ ಮಗು ಜನಿಸಿದಾಗ ಮನೆಯವರು ಮೊದಲು ಹುಡುಕುವುದು ತಾಯಿಯ ತಪ್ಪನ್ನು. ಆದರೆ ಭ್ರೂಣವಿಜ್ಞಾನ ಹೇಳುವುದೇ ಬೇರೆ. ಮುಖ ಮತ್ತು ದವಡೆಗಳ ಆಕಾರ ನಿರ್ಧಾರವಾಗುವುದು ಜೀವಕೋಶಗಳು ಪರಸ್ಪರ ರವಾನಿಸುವ ರಾಸಾಯನಿಕ ಸಂದೇಶಗಳಿಂದ.

ನಾಲ್ಕನೆಯ ವಾರದಲ್ಲೇ ಆರಂಭ

ಗರ್ಭಧಾರಣೆಯ ನಂತರದ 4ನೇ ವಾರದಲ್ಲಿ, ಮುಂದೆ ಮೆದುಳಾಗಲಿರುವ ಭಾಗದ ಅಂಚಿನಿಂದ 'ನ್ಯೂರಲ್ ಕ್ರೆಸ್ಟ್' ಎಂಬ ಕೋಶಗಳು ಹೊರಟು ಕತ್ತಿನ ಬಳಿಯ ಕಮಾನಿನಂತಹ ಉಬ್ಬುಗಳನ್ನು ಸೇರುತ್ತವೆ. ಮೇಲ್ದವಡೆ, ಕೆಳದವಡೆ ಎರಡೂ ರೂಪುಗೊಳ್ಳುವುದು ಇವುಗಳ ಪೈಕಿ ಮೊದಲ ಕಮಾನಿನಿಂದಲೇ. ಅನೇಕ ಮಹಿಳೆಯರಿಗೆ ತಾವು ಗರ್ಭಿಣಿ ಎಂಬುದು ಖಚಿತವಾಗುವ ಹೊತ್ತಿಗೆ ಈ ಕೆಲಸ ಆರಂಭವಾಗಿರುತ್ತದೆ.

ಕಮಾನಿನ ಹೊರಪದರ 'ಎಫ್‌ಜಿಎಫ್-8' ಮತ್ತು 'ಬಿಎಂಪಿ-4' ಎಂಬ ಪ್ರೋಟೀನ್‌ಗಳನ್ನು ಸ್ರವಿಸುತ್ತದೆ. ಮೊದಲನೆಯದು ಕೀಲಿನ ಕಡೆಯ ಭಾಗದಲ್ಲಿ, ಎರಡನೆಯದು ಗಲ್ಲದ ಕಡೆಯ ಭಾಗದಲ್ಲಿ ಪ್ರಬಲ. ಯಾವ ಸಂದೇಶ ಎಷ್ಟು ಪ್ರಮಾಣದಲ್ಲಿ ತಲುಪಿತು ಎಂಬುದರ ಮೇಲೆ ಕೋಶ ತನ್ನ ಸ್ಥಾನವನ್ನು ಅರಿಯುತ್ತದೆ. ಬಾಚಿಹಲ್ಲು ಎಲ್ಲಿ, ದವಡೆಹಲ್ಲು ಎಲ್ಲಿ ಎಂಬುದರ ನಿರ್ಣಯದಲ್ಲೂ ಇವುಗಳ ಪಾತ್ರವಿದೆ.

ಮೇಲು-ಕೆಳಗಿನ ತೀರ್ಮಾನ

ಒಂದೇ ಕಮಾನಿನಿಂದ ಎರಡು ಭಿನ್ನ ದವಡೆಗಳು ಮೂಡುವುದು ಹೇಗೆ? ಇದರಲ್ಲಿ ಪ್ರಮುಖ ಪಾತ್ರ ವಹಿಸುವುದು 'ಎಂಡೋಥೀಲಿನ್-1'. ಜಪಾನಿನ ವಿಜ್ಞಾನಿಗಳು 1988ರಲ್ಲಿ ಇದನ್ನು ಗುರುತಿಸಿದ್ದು ರಕ್ತನಾಳಗಳನ್ನು ಸಂಕುಚಿಸುವ ವಸ್ತುವಾಗಿ. 1994ರಲ್ಲಿ ಇದರ ವಂಶವಾಹಿಯನ್ನು ತೆಗೆದ ಇಲಿಗಳಲ್ಲಿ ಕೆಳದವಡೆಯೇ ವಿರೂಪಗೊಂಡಿತು. 2008ರಲ್ಲಿ ಇದೇ ಸಂದೇಶವನ್ನು ಇಲಿಭ್ರೂಣದ ಮೇಲ್ದವಡೆಯ ಭಾಗದಲ್ಲೂ ಚಾಲನೆಗೊಳಿಸಿದಾಗ ಅಲ್ಲಿ ಕೆಳದವಡೆಯನ್ನು ಹೋಲುವ ರಚನೆ ಮೂಡಿತು!

ಮನುಷ್ಯರಲ್ಲೂ ಇದಕ್ಕೆ ಸಾಕ್ಷ್ಯ ದೊರೆತಿದೆ. ಕಿವಿ ಪ್ರಶ್ನಾರ್ಥಕ ಚಿಹ್ನೆಯಂತಿದ್ದು ಕೆಳದವಡೆ ಕಿರಿದಾಗಿರುವ ಅಪರೂಪದ ಕಾಯಿಲೆಯೊಂದಕ್ಕೆ ಈ ಸಂದೇಶದ ಹಾದಿಯಲ್ಲಿನ ವಂಶವಾಹಿ ದೋಷಗಳೇ ಕಾರಣ ಎಂಬುದು 2012 ಮತ್ತು 2013ರಲ್ಲಿ ದೃಢಪಟ್ಟಿತು. ಕಿವಿ ಮತ್ತು ದವಡೆಯ ನಂಟು ಆಕಸ್ಮಿಕವಲ್ಲ. ಕೆಳದವಡೆಗೆ ಆಧಾರವಾಗುವ 'ಮೆಕೆಲ್ ಮೃದ್ವಸ್ಥಿ'ಯ ಹಿಂತುದಿಯೇ ಕಿವಿಯೊಳಗಿನ 'ಸುತ್ತಿಗೆ' ಮೂಳೆಯಾಗುತ್ತದೆ.

ಒಂದರ ಕೊರತೆ ಇನ್ನೊಂದಕ್ಕೆ ಪೆಟ್ಟು

ಕೆಳದವಡೆ ಸಕಾಲದಲ್ಲಿ ಬೆಳೆಯದಿದ್ದರೆ ನಾಲಗೆ ಹಿಂದಕ್ಕೆ, ಮೇಲಕ್ಕೆ ಸರಿದು ನಿಲ್ಲುತ್ತದೆ. ಆಗ ಎರಡೂ ಬದಿಯಿಂದ ಬಂದು ಕೂಡಬೇಕಾದ ಅಂಗಳದ ಭಾಗಗಳು ಕೂಡದೆ ಸೀಳು ಉಳಿಯಬಹುದು. 'ಪಿಯರ್ ರಾಬಿನ್' ಎಂದು ಕರೆಯಲಾಗುವ ಈ ಸ್ಥಿತಿಯಲ್ಲಿ ಶಿಶುವಿಗೆ ಉಸಿರಾಟ, ಹಾಲು ಕುಡಿಯುವುದು ಎರಡೂ ಕಷ್ಟ. ಹುಟ್ಟಿದ ಕೂಡಲೇ ತಜ್ಞರ ನಿಗಾ ಅಗತ್ಯ.

ಎಚ್ಚರ ಎಲ್ಲಿ ಬೇಕು?

ಎ ಜೀವಸತ್ವದಿಂದ ದೇಹದಲ್ಲಿ ತಯಾರಾಗುವ ರೆಟಿನಾಯಿಕ್ ಆಮ್ಲವೂ ಭ್ರೂಣದಲ್ಲಿ ಸಂದೇಶವಾಹಕವೇ. ತೀವ್ರ ಮೊಡವೆಗೆ ನೀಡುವ ಐಸೊಟ್ರೆಟಿನಾಯಿನ್ ಮಾತ್ರೆ ಇದೇ ಗುಂಪಿನದು. ಗರ್ಭಿಣಿ ಇದನ್ನು ಸೇವಿಸಿದರೆ ಮಗುವಿನ ಮುಖ, ಕಿವಿ, ಹೃದಯ, ಮೆದುಳಿಗೆ ಗಂಭೀರ ಹಾನಿಯಾಗಬಹುದು. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಈ ಮಾತ್ರೆ ಕೂಡದು. ಸೇವಿಸುವ ಅವಧಿಯಲ್ಲಿ, ಅದರ ಹಿಂದಿನ ಮತ್ತು ನಂತರದ ಒಂದೊಂದು ತಿಂಗಳು ಗರ್ಭ ಧರಿಸಬಾರದು. ಧೂಮಪಾನ ಸೀಳುತುಟಿಯ ಅಪಾಯವನ್ನು ಹೆಚ್ಚಿಸುತ್ತದೆ. ಅಪಸ್ಮಾರಕ್ಕೆ ನೀಡುವ ಕೆಲವು ಔಷಧಗಳೂ ಅಪಾಯಕಾರಿ. ಆದರೆ ಅವನ್ನು ತಾವಾಗಿಯೇ ನಿಲ್ಲಿಸದೆ, ಗರ್ಭಧಾರಣೆಗೆ ಮುನ್ನವೇ ವೈದ್ಯರೊಂದಿಗೆ ಚರ್ಚಿಸುವುದು ಲೇಸು.

ಹಾಗೆಂದು ಪ್ರತಿಯೊಂದು ದೋಷಕ್ಕೂ ಕಾರಣ ಬೆರಳಿಟ್ಟು ತೋರಿಸಲಾಗದು. ವಂಶವಾಹಿ ಮತ್ತು ಪರಿಸರದ ಹಲವು ಅಂಶಗಳು ಕೂಡಿದಾಗ ಸಂದೇಶ ತಪ್ಪಬಹುದು. ಈಳಿಗೆಮಣೆಗೂ ಗ್ರಹಣಕ್ಕೂ ಇದರಲ್ಲಿ ಪಾತ್ರವಿಲ್ಲ. ಸೀಳುತುಟಿಯನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಮನೆಯವರು ತಾಯಿಯನ್ನು ದೂಷಿಸುವ ಬದಲು ಮಗುವನ್ನು ಬೇಗ ಆಸ್ಪತ್ರೆಗೆ ಕರೆದೊಯ್ಯುವುದೇ ಒಳಿತು.