‘ನೈಸ್’ ಪದದ ಅರ್ಥಚರಿತ್ರೆ ಮತ್ತು ‘ಮೂಲಾರ್ಥ’ದ ಪ್ರಶ್ನೆ

ಅರ್ಥವ್ಯತ್ಯಾಸದ ಪಾಠಗಳಲ್ಲಿ ಇಂಗ್ಲಿಷಿನ ‘ನೈಸ್’ ಪದವನ್ನು ಉತ್ತಮಾರ್ಥ ಪ್ರಾಪ್ತಿಗೆ ನಿದರ್ಶನವಾಗಿ ಕೊಡುವುದು ವಾಡಿಕೆ. ಸುಮಾರು 1300ರ ಹೊತ್ತಿಗೆ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ‘ಮೂಢ’. ಇಂದು ‘ಹಿತಕರ’, ‘ಸೌಜನ್ಯಶೀಲ’. ಎರಡು ತುದಿಗಳನ್ನಷ್ಟೇ ನೋಡಿದರೆ ಈ ವಿವರಣೆ ಸರಿಯೆನಿಸುತ್ತದೆ. ನಡುವಿನ ಶತಮಾನಗಳನ್ನೂ ಪರಿಗಣಿಸಿದಾಗ ಅದು ಸಾಲದೆಂಬುದು ನಮ್ಮ ವಾದ.

ಪದದ ಬೇರು ಲ್ಯಾಟಿನ್ನಿನ ‘ನೆಸ್ಕಿಯುಸ್’. ‘ನೆ’ ನಿಷೇಧವಾಚಿ, ‘ಸ್ಕೀರೆ’ ಎಂದರೆ ‘ಅರಿ’. ‘ಸೈನ್ಸ್’ ಪದಕ್ಕೂ ಇದೇ ಧಾತು ಮೂಲ. ಇಂಗ್ಲಿಷಿನಲ್ಲಿ ‘ಅರಿವಿಲ್ಲದ’ ಎಂಬ ಅರ್ಥವು ಬೇಗನೆ ಹಲವು ಕವಲುಗಳಾಗಿ ಒಡೆಯಿತು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ‘ನೈಸ್’ ಎಂದರೆ ಸ್ವೇಚ್ಛಾಚಾರಿಯೂ ಹೌದು, ಅತಿಯಾಗಿ ಸಂಕೋಚಪಡುವವನೂ ಹೌದು. ಆಡಂಬರದ ಉಡುಗೆಯೂ ಹೌದು, ಅತಿ ನಾಜೂಕಿನ ಸ್ವಭಾವವೂ ಹೌದು. ಪರಸ್ಪರ ವಿರುದ್ಧವೆನಿಸುವ ಈ ಅರ್ಥಗಳನ್ನು ಜೋಡಿಸುವ ಎಳೆ ‘ಅತಿ’ ಎಂಬ ಭಾವವೆಂದು ನಾವು ಗ್ರಹಿಸುತ್ತೇವೆ.

ನಿರ್ಣಾಯಕ ತಿರುವು ಬಂದದ್ದು ವಿಶೇಷಣವು ವ್ಯಕ್ತಿಯಿಂದ ವಿಷಯಕ್ಕೆ ಸರಿದಾಗ. ಸಣ್ಣಪುಟ್ಟ ಭೇದಗಳನ್ನೂ ಬಿಡದೆ ಎಣಿಸುವವನು ‘ನೈಸ್’. ಅಂಥ ಗಮನವನ್ನು ಬೇಡುವ ಭೇದವೂ ‘ನೈಸ್’. ಇಲ್ಲಿಂದ ಪದವು ಎರಡು ಕಡೆಗೆ ಸಾಗಿತು. ಭೇದ ಸಣ್ಣದಾದರೂ ಗಣ್ಯವೆಂದಾದರೆ ‘ಸೂಕ್ಷ್ಮ, ನಿಖರ’. ಸಣ್ಣದಾದ್ದರಿಂದಲೇ ಅಗಣ್ಯವೆಂದಾದರೆ ‘ಕ್ಷುಲ್ಲಕ’. ಶೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದ ಐದನೆಯ ಅಂಕದಲ್ಲಿ, ರೋಮಿಯೊಗೆ ತಲುಪದೆ ಹೋದ ಪತ್ರವು ‘ನೈಸ್’ ಆಗಿರಲಿಲ್ಲವೆಂದು ಪಾದ್ರಿ ಲಾರೆನ್ಸ್ ಮರುಗುತ್ತಾನೆ. ಇಂದಿನ ಅರ್ಥವನ್ನು ಹಚ್ಚಿದರೆ ಪತ್ರ ಅಹಿತಕರವಾಗಿತ್ತೆಂದಾಗುತ್ತದೆ. ಪಾದ್ರಿಯ ಅಭಿಪ್ರಾಯವೋ ಅದು ಕ್ಷುಲ್ಲಕವಾಗಿರಲಿಲ್ಲ, ಜೀವನ್ಮರಣದ ವಿಷಯವಾಗಿತ್ತು ಎಂದು.

‘ಹಿತಕರ’ ಎಂಬರ್ಥ ನೆಲೆಗೊಂಡದ್ದು 18ನೇ ಶತಮಾನದ ಉತ್ತರಾರ್ಧದಲ್ಲಿ. ಜೇನ್ ಆಸ್ಟೆನ್‌ಳ ‘ನಾರ್ಥ್ಯಾಂಗರ್ ಆ್ಯಬಿ’ (1818) ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ ಈ ಸಡಿಲ ಬಳಕೆಯನ್ನು ಗೇಲಿಮಾಡುತ್ತಾನೆ. ಮೊದಲಿಗೆ ಈ ಪದ ಅಚ್ಚುಕಟ್ಟು, ಔಚಿತ್ಯ, ನಾಜೂಕುಗಳಿಗೆ ಮಾತ್ರ ಸಲ್ಲುತ್ತಿದ್ದಿರಬೇಕೆಂಬುದು ಅವನ ಊಹೆ. ಆದರೆ ಅವನು ಮೂಲವೆಂದು ಬಗೆದದ್ದು ಮಧ್ಯದ ಒಂದು ಹಂತ; ನಿಜವಾದ ಮೂಲವನ್ನೇ ಹಿಡಿದು ಹೊರಟಿದ್ದರೆ ‘ಮೂಢ’ ಎಂಬಲ್ಲಿಗೆ ತಲುಪಬೇಕಾಗುತ್ತಿತ್ತು. ಮೂಲಾರ್ಥವೇ ಶುದ್ಧಾರ್ಥವೆಂಬ ನಿಲುವಿನ ತೊಡಕು ಇಲ್ಲಿದೆ. ಹೊಸ ಅರ್ಥ ಬಂದಿತೆಂದು ಹಳೆಯದು ಅಳಿಯಲೂ ಇಲ್ಲ: ಇಂಗ್ಲಿಷ್ ಬಲ್ಲವರು ಇಂದಿಗೂ ಸೂಕ್ಷ್ಮ ಭೇದವನ್ನು ‘ನೈಸ್ ಡಿಸ್ಟಿಂಕ್ಷನ್’ ಎನ್ನುತ್ತಾರೆ.

ಕನ್ನಡಕ್ಕೆ ಎರವಲಾಗಿ ಬಂದ ಇದೇ ಪದ ನಮ್ಮ ವಾದವನ್ನು ಇನ್ನೊಂದು ಬಗೆಯಲ್ಲಿ ಸ್ಪಷ್ಟಪಡಿಸುತ್ತದೆ. ‘ಕಾಯಿಯನ್ನು ನೈಸಾಗಿ ರುಬ್ಬು’ ಎಂಬಲ್ಲಿ ಅರ್ಥ ‘ನುಣ್ಣಗೆ’. ‘ನೈಸಾಗಿ ಮಾತಾಡಿ ಮೋಸಮಾಡಿದ’ ಎಂಬಲ್ಲಿ ‘ಸವಿಮಾತಿನ ಉಪಾಯದಿಂದ’. ಮೊದಲನೆಯದರಲ್ಲಿ 16ನೇ ಶತಮಾನದ ‘ಸೂಕ್ಷ್ಮ’ ಉಳಿದುಬಂದಿದೆ ಎಂದು ಹೇಳುವ ಮೋಹ ಸಹಜ. ಆದರೆ ಕನ್ನಡದ ‘ನಯ’ ಪದದ ವ್ಯಾಪ್ತಿಯನ್ನು ನೋಡಬೇಕು: ನಯವಾದ ಬಟ್ಟೆ, ನಯವಾದ ಮಾತು, ಕೊನೆಗೆ ನಯವಂಚಕ. ಸ್ಪರ್ಶದ ನುಣುಪಿನಿಂದ ನಡೆಯ ನುಣುಪಿಗೆ, ಅಲ್ಲಿಂದ ವಂಚನೆಗೆ ಸಾಗುವ ದಾರಿಯನ್ನು ‘ನಯ’ ಆಗಲೇ ಹಾಕಿಕೊಟ್ಟಿತ್ತು. ‘ನೈಸ್’ ಆ ದಾರಿಯನ್ನೇ ಹಿಡಿಯಿತೆಂದು ನಾವು ಭಾವಿಸುತ್ತೇವೆ. ಧ್ವನಿಸಾಮ್ಯವೂ ಇದಕ್ಕೆ ಒತ್ತಾಸೆಯಾಗಿರಬಹುದು.

ಹೀಗಾಗಿ ಉತ್ತಮಾರ್ಥ ಪ್ರಾಪ್ತಿ, ಹೀನಾರ್ಥ ಪ್ರಾಪ್ತಿ ಎಂಬ ಪರಿಭಾಷೆಗಳು ಫಲಿತಾಂಶವನ್ನು ಹೆಸರಿಸುತ್ತವೆಯೇ ಹೊರತು ಪ್ರಕ್ರಿಯೆಯನ್ನು ವಿವರಿಸುವುದಿಲ್ಲ. ಪ್ರತಿ ಕಾಲಘಟ್ಟದಲ್ಲೂ ಪದವು ಯಾವ ನಾಮಪದಗಳ ಜೊತೆ ಬರುತ್ತಿತ್ತು, ಯಾವ ಅರ್ಥಗಳು ಏಕಕಾಲದಲ್ಲಿ ಬಳಕೆಯಲ್ಲಿದ್ದವು, ನೆರೆಯ ಪದಗಳು ಅದನ್ನು ಎತ್ತ ಸೆಳೆದವು ಎಂಬುದನ್ನು ಪ್ರಯೋಗಗಳಿಂದಲೇ ಕಂಡುಕೊಳ್ಳಬೇಕು. ನಿಷ್ಪತ್ತಿಯು ಪದ ಎಲ್ಲಿಂದ ಹೊರಟಿತೆಂದು ತಿಳಿಸುತ್ತದೆ. ಒಂದು ವಾಕ್ಯದಲ್ಲಿ ಅದರ ಅರ್ಥವೇನೆಂದು ಆ ವಾಕ್ಯದ ಕಾಲ ಮತ್ತು ಪರಿಸರವೇ ತಿಳಿಸಬೇಕು.