ಅಂಟಿನಲ್ಲಿದೆ ರೇಷ್ಮೆಯ ಗುಟ್ಟು

ರೇಷ್ಮೆ ಹುಳ ಉಗುಳುವ ನೂಲು ನೋಡಲು ಒಂದೇ ಎಳೆ. ಹತ್ತಿರದಿಂದ ನೋಡಿದರೆ ಎರಡು ನವುರು ಎಳೆಗಳು ಅಂಟಿನಲ್ಲಿ ಮೆತ್ತಿಕೊಂಡು ಒಂದಾಗಿರುತ್ತವೆ. ಎಳೆ ಫೈಬ್ರಾಯಿನ್, ಅಂಟು ಸೆರಿಸಿನ್, ಎರಡೂ ಪ್ರೋಟೀನೇ. ಈ ಅಂಟನ್ನು ಎಲ್ಲಿ ಸಡಿಲಿಸಬೇಕು, ಎಲ್ಲಿಯವರೆಗೆ ಉಳಿಸಿಕೊಳ್ಳಬೇಕು, ಯಾವಾಗ ಕಳೆಯಬೇಕು ಎಂಬ ಲೆಕ್ಕದ ಮೇಲೆ ಇಡೀ ಕಸುಬು ನಿಂತಿದೆ.

ಹಿಪ್ಪುನೇರಳೆ ಸೊಪ್ಪು ಮೇಯ್ದು, ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ ಹಣ್ಣಾದ ಹುಳವನ್ನು ರೈತರು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುತ್ತಾರೆ. ಎರಡು ಮೂರು ದಿನದಲ್ಲಿ ಗೂಡು ತಯಾರು. ರಾಮನಗರದಂಥ ಮಾರುಕಟ್ಟೆಯಲ್ಲಿ ಹರಾಜಾಗಿ ಅದು ನೂಲು ಬಿಚ್ಚುವ ರೀಲರ್‌ಗಳ ಕೈ ಸೇರುತ್ತದೆ. ತಡವಾದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ನೂಲು ಉದ್ದಕ್ಕೆ ಬಿಚ್ಚಿಬರುವುದಿಲ್ಲ. ಅದಕ್ಕೇ ಒಳಗಿನ ಜೀವವನ್ನು ಹಬೆ ಅಥವಾ ಬಿಸಿಗಾಳಿಯಲ್ಲಿ ಮೊದಲೇ ಕೊಲ್ಲುತ್ತಾರೆ. ಇದನ್ನು ಮುಚ್ಚಿಟ್ಟು ರೇಷ್ಮೆಯ ಬಗ್ಗೆ ಬರೆಯುವುದು ಸರಿಯಲ್ಲ.

ನೂಲು ಬಿಚ್ಚಾಣಿಕೆಯಲ್ಲಿ ಮೊದಲು ಗೂಡು ಬೇಯಬೇಕು. ಕಡಿಮೆ ಬೆಂದರೆ ಎಳೆ ಪದೇ ಪದೇ ಕಿತ್ತುಹೋಗುತ್ತದೆ, ಹೆಚ್ಚಾದರೆ ಗೂಡೇ ಕಲಸಿಹೋಗುತ್ತದೆ. ಬಿಸಿನೀರಿನ ಬೇಸಿನ್ ಮುಂದೆ ಕೂತವರ ಬೆರಳ ತುದಿ ನೆನೆದು ಬಿಳಿಚಿ ಸುಕ್ಕುಗಟ್ಟಿರುತ್ತದೆ. ಆದರೂ ಕಣ್ಣಿಗೆ ಕಾಣದಷ್ಟು ಸಣ್ಣ ತುದಿಯನ್ನು ಆ ಬೆರಳುಗಳೇ ಹುಡುಕಬೇಕು. ಎಂಟು ಹತ್ತು ಗೂಡುಗಳ ತುದಿ ಸೇರಿದರೆ ದಪ್ಪದಲ್ಲಿ ಸುಮಾರು 20 ಡೆನಿಯರ್‌ನ ಒಂದು ನೂಲು. ಒಂದು ಗೂಡು ಮುಗಿದರೆ ಇನ್ನೊಂದರ ತುದಿಯನ್ನು ಓಡುವ ನೂಲಿಗೆ ತಗುಲಿಸುತ್ತಾರೆ. ಗಂಟು ಹಾಕುವಂತಿಲ್ಲ. ಮೆತ್ತಗಾದ ಅಂಟೇ ಅದನ್ನು ಹಿಡಿದುಕೊಳ್ಳುತ್ತದೆ. ಇಷ್ಟು ಚುರುಕಿನ ಕೈಗೆ ನಾವು ಕೊಡುವ ಮರ್ಯಾದೆ ಏನೇನೂ ಸಾಲದು.

ಮುಂದೆ ನೂಲಿಗೆ ಹುರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಕ್ರೇಪ್ ಸೀರೆಯ ಗುಟ್ಟು ಇಲ್ಲಿದೆ. ಹೊಕ್ಕಿನ ನೂಲಿಗೆ ಬಿಗಿಯಾದ ಹುರಿ ಕೊಡುತ್ತಾರೆ. ಕೆಲವಕ್ಕೆ ಬಲಕ್ಕೆ, ಕೆಲವಕ್ಕೆ ಎಡಕ್ಕೆ. ಅಂಟು ಇರುವಷ್ಟು ಹೊತ್ತು ಹುರಿ ಸುಮ್ಮನಿರುತ್ತದೆ, ಮಗ್ಗದ ಎಳೆತ ಉಜ್ಜಾಟವನ್ನೂ ನೂಲು ತಡೆದುಕೊಳ್ಳುತ್ತದೆ. ನೇಯ್ದ ಬಟ್ಟೆಯನ್ನು ಸೋಪಿನ ಬಿಸಿನೀರಲ್ಲಿ ಕುದಿಸಿದಾಗ ಅಂಟು ಕರಗಿ, ಅದುಮಿಟ್ಟ ಹುರಿ ಎರಡೂ ಕಡೆಗೆ ಸೆಟೆದು, ಬಟ್ಟೆಯ ಮೈಯಲ್ಲಿ ಸಣ್ಣ ನಿರಿ ಮೂಡುತ್ತದೆ. ಹೊಳಪು, ನುಣುಪು, ಇಳಿಬೀಳುವ ಗುಣ ಎಲ್ಲ ಆಗಲೇ ಬರುವುದು. ನೂಲಿನ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ನೀರುಪಾಲು.

ಮೊಳಕಾಲ್ಮೂರಿನ ಕೈಮಗ್ಗದ ಸೀರೆಗೆ ಕ್ರಮ ಬೇರೆ. ಅಲ್ಲಿ ಮೈ ಒಂದು ಬಣ್ಣ, ಅಂಚು ಇನ್ನೊಂದು; ನೇಯ್ದ ಮೇಲೆ ಅದ್ದಿದರೆ ಎರಡೂ ಒಂದೇ ಬಣ್ಣವಾದೀತು. ಹಾಗಾಗಿ ಅಂಟು ತೆಗೆದು ಬಣ್ಣ ಹಾಕಿದ ನೂಲೇ ಮಗ್ಗಕ್ಕೆ ಏರುತ್ತದೆ.